ಎರಡನೇ ಫ್ರಿಜ್‌ನ ಲಾಗ್

7 ಜೂನ್ 2004, ಸೋಮವಾರ

ಎಂದಿನಂತೆ ಎಂಟೂವರೆಗೆ ಹಾಜರ್. ಬೈಯಪ್ಪನಹಳ್ಳಿಯಿಂದ ಹಲಸೂರಿನವರೆಗೆ ಬಸ್ಸಿನಲ್ಲಿ ಒಂಟಿ ಕಾಲಿನ ತಪಸ್ಸು. ಇನ್ನೊಂದು ಕಾಲು ಯಾರದೋ ಬೂಟಿನ ಕೆಳಗೆ.

ಬ್ಲಡ್ ಬ್ಯಾಂಕಿನ ಕಂಪ್ಯೂಟರ್ ಆಪರೇಟರ್ ಎಂಬುದು ನನ್ನ ಘನ ಹುದ್ದೆ. ರಕ್ತದ ಫ್ರಿಜ್ ಎರಡು. ಅವುಗಳ ಉಷ್ಣಾಂಶ, ಬಾಗಿಲು, ಅಲಾರಂ ಎಲ್ಲವನ್ನೂ ಕಂಪ್ಯೂಟರ್ ನಿಮಿಷಕ್ಕೊಂದು ಸಾಲಿನಂತೆ ಲಾಗ್ ಫೈಲಿನಲ್ಲಿ ಬರೆಯುತ್ತದೆ. ಅದು ಬರೆಯುವುದನ್ನು ನಾನು ನೋಡಬೇಕು. ಸಂಬಳ ನನಗೆ.

ಎರಡನೇ ಫ್ರಿಜ್ ಬೆಳಿಗ್ಗೆಯಿಂದ ಒಂದೇ ಸಮನೆ ಬೀಪ್. ಬಾಗಿಲು ತೆಗೆದರೂ ಬೀಪ್, ಹಾಕಿದರೂ ಬೀಪ್. ಅಲಾರಂ ಮ್ಯೂಟ್ ಮಾಡಿ ಟೀಗೆ ಹೋದೆ. ಟೀ ಜೊತೆ ಬನ್ನು, ಬನ್ನಿನ ಜೊತೆ ಮಾತು... ಬರುವಾಗ ನಲವತ್ಮೂರು ನಿಮಿಷ ಕಳೆದಿತ್ತು. ರಕ್ತಕ್ಕೇನೂ ಆಗಿಲ್ಲ. ಆದರೆ ಲಾಗ್‌ನಲ್ಲಿ ನನ್ನ ಹೆಸರು ಕೂತಿದೆ — "ಅಲಾರಂ ಮ್ಯೂಟ್, 11.02, ಕೇದಾರ್". ಶುಕ್ರವಾರ ಲೈಸೆನ್ಸ್‌ನವರ ತಪಾಸಣೆ.

8 ಜೂನ್, ಮಂಗಳವಾರ, ಸಂಜೆ 5

ಸಾಲು ತೆಗೆದೆ. ಫೈಲ್ ಎಡಿಟರ್‌ನಲ್ಲಿ ತೆರೆದು, ಒಂದೇ ಸಾಲು ಅಳಿಸಿ, 4.12ಕ್ಕೆ ಸೇವ್. ನೀನು ತೆರೆದ ಮೇಲೆ ಈ ಫೈಲ್ ಬದಲಾಗಿದೆ, ನಿಜಕ್ಕೂ ಬರೆಯಲೇ ಎಂದು ಕಂಪ್ಯೂಟರ್ ಕೇಳಿತು. ಅನುಮಾನದ ಪ್ರಾಣಿ. ಹೂಂ ಎಂದೆ.

ನೂರುನ್ನೀಸಾ ಆಪಾ ಇಣುಕಿದರು. ಇಲ್ಲಿನ ಟೆಕ್ನಿಷಿಯನ್, ಇಪ್ಪತ್ತೆರಡು ವರ್ಷದ ಸರ್ವಿಸ್.

"ಏನ್ ಬೇಟಾ, ಇಷ್ಟು ಮನಸಿಟ್ಟು ಕೆಲಸ ಮಾಡ್ತಿದೀಯಾ? ಜ್ವರ ಗಿರ ಬಂತಾ?"

"ತಪಾಸಣೆಗೆ ಕ್ಲೀನಿಂಗ್, ಆಪಾ."

ಸುಳ್ಳಂತೂ ಅಲ್ಲ.

10 ಜೂನ್, ಗುರುವಾರ, ಮಧ್ಯಾಹ್ನ 1

ನಿನ್ನೆ ರಜೆ ಹಾಕಿದ್ದೆ. ನಿನ್ನೆಯೇ ಆಗಬೇಕಿತ್ತೇ.

ನಿನ್ನೆ ಮಧ್ಯಾಹ್ನ ಎರಡನೇ ಫ್ರಿಜ್ ಕೆಟ್ಟಿದೆ. ಆಪಾ ಒಬ್ಬರೇ ಹದಿನೆಂಟು ಚೀಲ ರಕ್ತವನ್ನು ಒಂದನೇ ಫ್ರಿಜ್‌ಗೆ ಸಾಗಿಸಿದ್ದಾರೆ. ಅರ್ಧ ಗಂಟೆಯೊಳಗೆ ಸಾಗಿಸಿದ್ದರೆ ರಕ್ತ ಸರಿ, ಮೀರಿದ್ದರೆ ಚೆಲ್ಲಬೇಕು. ಹನ್ನೆರಡೇ ನಿಮಿಷ ಎನ್ನುತ್ತಾರೆ ಆಪಾ. ಸಾಕ್ಷಿ ಲಾಗ್. ಕಂಪ್ಯೂಟರ್ ಇರುವಾಗ ಕಾಗದದ ರಿಜಿಸ್ಟರ್ ಯಾಕೆ ಎಂದು ಹೋದ ವರ್ಷ ಅದನ್ನು ನಿಲ್ಲಿಸಿದ ಮಹಾನುಭಾವ ನಾನೇ.

ಆಡಳಿತದ ಜಯದೇವಿ ಮೇಡಂ ಬಂದು ಲಾಗ್ ತೋರಿಸು ಎಂದರು. ತೆರೆದೆ. ಕೊನೆಯ ಸಾಲು ಮಂಗಳವಾರ 4.10, ನಾನು ಎಡಿಟರ್ ತೆರೆದ ನಿಮಿಷ. ಆಮೇಲೆ ಏನೂ ಇಲ್ಲ. ಪ್ರೋಗ್ರಾಮ್ ಮಾತ್ರ ಆರಾಮಾಗಿ ಓಡುತ್ತಿದೆ. ಮೇಡಂ ಪಕ್ಕದಲ್ಲಿದ್ದ ಆಪಾರ ಕಡೆ ತಿರುಗಿದರು.

"ಮಂಗಳವಾರ, ಬುಧವಾರ ಎರಡೂ ದಿನ ಡ್ಯೂಟಿ ನಿಮ್ದೇ ಅಲ್ವೇನ್ರೀ? ರೆಕಾರ್ಡಿಂಗ್ ಆಫ್ ಮಾಡಿದ್ರಾ?"

"ನಾನು ಆ ಮೆಷಿನ್ ಮುಟ್ಟೋದೇ ಇಲ್ಲ ಮೇಡಂ. ಕೇದಾರ್‌ನ ಕೇಳಿ."

ಕೇಳಿದರು. ಗೊತ್ತಿಲ್ಲ ಎಂದೆ. ಅಷ್ಟು ಸಲೀಸಾಗಿ ಬಂತು ಬಾಯಿಂದ.

"ನಾಳೆ ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಬರ್ತಾರೆ. ಅಷ್ಟರೊಳಗೆ ರೆಕಾರ್ಡ್ ಸಿಗ್ಲಿಲ್ಲ ಅಂದ್ರೆ ನಿಮ್ಮ ಸಸ್ಪೆನ್ಷನ್ ಆರ್ಡರ್ ಟೈಪ್ ಮಾಡಿಸ್ತೀನಿ, ನೂರುನ್ನೀಸಾ. ಕಂಪನಿ ಎಂಜಿನಿಯರ್‌ನೂ ಕರೆಸಿದೀನಿ, ಮೆಷಿನ್ ಆಫ್ ಮಾಡಿ ಆನ್ ಮಾಡ್ತಾರೆ."

ಆಪಾ ನನ್ನನ್ನೇ ನೋಡುತ್ತಿದ್ದರು. ಬೈಯುವ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಇವನು ಹೇಗಾದರೂ ಹುಡುಕಿಕೊಡುತ್ತಾನೆ ಎಂಬ ನೋಟ.

ಅದೇ ದಿನ, ಸಂಜೆ 6.30

ರಸೆಲ್ ಮಾರುಕಟ್ಟೆಯ ಹಿಂದೆ ಗೆಳೆಯ ಫಹೀಮ್ ಸಿಕ್ಕ. ಇಂದಿರಾನಗರದ ಯಾವುದೋ ಕಂಪನಿಯಲ್ಲಿ ಸರ್ವರ್ ಕಾಯುತ್ತಾನೆ. ಮನೆಗೆ ಮಾವಿನಹಣ್ಣು ಆರಿಸುತ್ತಲೇ ಕೇಳಿಸಿಕೊಂಡ. ಒಂದನ್ನೂ ಕೊಳ್ಳಲಿಲ್ಲ.

"ನೀನು ಫೈಲ್ ತಿದ್ದಿಲ್ಲ ಮಗಾ. ಎಡಿಟರ್ ಹೊಸ ಫೈಲ್ ಬರೆದು ಅದಕ್ಕೆ ಹಳೇ ಹೆಸರಿಟ್ಟಿದೆ. ಪ್ರೋಗ್ರಾಮ್ ಕೈಯಲ್ಲಿ ಹಳೇ ಫೈಲೇ ಇದೆ. ಅದರಲ್ಲೇ ಇನ್ನೂ ಬರೀತಾ ಇದೆ."

"ಹಾಗಾದ್ರೆ ನಿನ್ನೇದು?"

"ಎಲ್ಲಾ ಅದರಲ್ಲಿದೆ. ಹೆಸರಿಲ್ಲ, ಅದಕ್ಕೇ ಕಾಣಲ್ಲ. ಪ್ರೋಗ್ರಾಮ್ ಓಡ್ತಾ ಇರೋವರೆಗೆ ಕಾಪಿ ಮಾಡ್ಕೋಬಹುದು. ಮೆಷಿನ್ ಆಫ್ ಮಾಡಿದ್ರೆ ಮುಗೀತು, ಯಾರಪ್ಪ ಬಂದ್ರೂ ಸಿಗಲ್ಲ."

ಕಮ್ಯಾಂಡ್ ಅನ್ನು ಹಣ್ಣಿನವನ ಪೇಪರ್ ಚೂರಿನಲ್ಲಿ ಬರೆದುಕೊಟ್ಟ. ಹೊರಡುವಾಗ ತಿರುಗಿದ.

"ನೀನು ಅಳಿಸಿದ ಸಾಲೂ ಅದರಲ್ಲಿ ಹಾಗೇ ಇರತ್ತೆ. ಗೊತ್ತಲ್ವಾ?"

ಗೊತ್ತು. ಆಗಷ್ಟೇ ಗೊತ್ತಾಯಿತು.

ಬಸ್ಸಿನಲ್ಲಿ ಯಾರದೋ ಮೊಬೈಲ್ ಬೀಪ್ ಎಂದಿತು. ಸೀಟಿನಿಂದ ಎದ್ದುಬಿಟ್ಟೆ. ಸೀಟು ಹೋಯಿತು.

11 ಜೂನ್, ಶುಕ್ರವಾರ, ಬೆಳಿಗ್ಗೆ 8.15

ಬೇಗ ಬಂದೆ. ಯುಪಿಎಸ್ ದೀಪ ಹಸಿರು. ಕರೆಂಟ್ ಇದೆ. ಐದು ನಿಮಿಷಕ್ಕೊಮ್ಮೆ ನೋಡುತ್ತಿದ್ದೇನೆ.

ಏನೂ ಮಾಡಬೇಕಿಲ್ಲ. ಸುಮ್ಮನೆ ಕೂತರೆ ಸಾಕು. ಹತ್ತಕ್ಕೆ ಎಂಜಿನಿಯರ್ ಒಂದು ಸ್ವಿಚ್ ಒತ್ತುತ್ತಾನೆ. ನನ್ನ ಹೆಸರು ಹೋಗುತ್ತದೆ. ಆಪಾರ ಹನ್ನೆರಡು ನಿಮಿಷವೂ ಹೋಗುತ್ತದೆ. ಅವರನ್ನು ಕೆಲಸದಿಂದ ತೆಗೆದವರು ಕಂಪನಿಯವರು, ಮೇಡಂ, ವಿಧಿ — ನಾನೊಬ್ಬನನ್ನು ಬಿಟ್ಟು ಎಲ್ಲರೂ.

ಅಂಗೈ ಬೆವರಿ ಪೇಪರ್ ಚೂರಿನ ಅಕ್ಷರ ಕಲಸಿಹೋಗುತ್ತಿದೆ.

8.50

ಕಾಪಿ ಆಯಿತು. ಮೂರು ಸಲ ತಪ್ಪು ಒತ್ತಿ ನಾಲ್ಕನೆಯ ಸಲ. ಬುಧವಾರ 2.31, ಎರಡನೇ ಫ್ರಿಜ್ ಬಿಸಿ. 2.43, ಒಂದನೇ ಫ್ರಿಜ್‌ನ ಬಾಗಿಲು ಮುಚ್ಚಿದೆ. ಹನ್ನೆರಡೇ ನಿಮಿಷ. ಒಂದೂ ಹೆಚ್ಚಿಲ್ಲ.

ಇದು ಕಾಪಿ. ಇದರಲ್ಲಿ ಪ್ರೋಗ್ರಾಮ್ ಬರೆಯುತ್ತಿಲ್ಲ. ಇದರಲ್ಲಿ ಒಂದು ಸಾಲು ಅಳಿಸಿದರೆ ಈ ಸಲ ಏನೂ ಕೆಡುವುದಿಲ್ಲ. ಎಡಿಟರ್ ತೆರೆದೆ. ಸೋಮವಾರದ ಸಾಲಿನ ಮೇಲೆ ಕರ್ಸರ್ ಮಿನುಗುತ್ತಾ ಕಾದಿತ್ತು. ಅದೂ ನೂರುನ್ನೀಸಾ ಆಪಾರ ಹಾಗೇ ನೋಡುತ್ತಿದೆ ಎನಿಸಿತು.

ಮುಚ್ಚಿದೆ. ಪ್ರಿಂಟ್ ಕೊಟ್ಟೆ.

9.35

ಪ್ರಿಂಟರ್ ಸಾಲಿಗೊಮ್ಮೆ ಕಿರ್ರ್ ಎಂದು ಉಸಿರೆಳೆಯುತ್ತಿದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಕೆಳಗಿಳಿಯುತ್ತಿವೆ. ಮೊದಲು ಸೋಮವಾರ, ಆಮೇಲೆ ಬುಧವಾರ. ಆಪಾರ ಹನ್ನೆರಡು ನಿಮಿಷಕ್ಕೆ ನನ್ನ ನಲವತ್ಮೂರನ್ನು ದಾಟಿಯೇ ಹೋಗಬೇಕು. ನಡುವೆ ಹರಿಯಲು ತೂತಿನ ಗೆರೆ ಇದೆ. ಕೈ ಎರಡೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ, ಈಗ ಒಂದನ್ನು ಬರೆಯಲು ತೆಗೆದೆ.

ಆಪಾ ಬಂದರು. ಸ್ಟೂಲ್ ಎಳೆದು ಪ್ರಿಂಟರ್ ಪಕ್ಕ ಕೂತರು. "ಸಿಕ್ತಾ ಬೇಟಾ? ನಂಗೊತ್ತಿತ್ತು." ಕನ್ನಡಕ ಹಾಕಿಕೊಂಡರು. ಕಾರಿಡಾರಿನಲ್ಲಿ ಮೇಡಂ ಚಪ್ಪಲಿಯ ಸದ್ದು. ಆಪಾ ಮೊದಲಿನಿಂದ ಬೆರಳಿಟ್ಟು ಓದುತ್ತಿದ್ದಾರೆ, ಒಂದೊಂದೇ ಸಾಲು. ಹತ್ತು ಐವತ್ತೆಂಟು. ಹತ್ತು ಐವತ್ತೊಂಬತ್ತು. ಹನ್ನೊಂದು ಗಂಟೆ. ಹನ್ನೊಂದು ಒಂದು. ಹನ್ನೊಂದು ಎರಡು. ಬೆರಳು ನನ್ನ ಹೆಸರಿನ ಮೇಲೆ ನಿಂತಿದೆ.