ಕೆಂಪು ದಾರದ ಮುತ್ತಜ್ಜಿಗೆ, ಕೌದಿಯ ಹೊಟ್ಟೆಯಿಂದ

ಇಸವಿ ಎರಡು ಸಾವಿರದ ನೂರಾ ಐವತ್ತೆರಡು, ಪುಷ್ಯ ಮಾಸದ ಮೂವತ್ತೊಂಬತ್ತನೆಯ ದಿನ.
ಡೋಣಿ ಹೊಳೆಯ ದಂಡೆ.

ಮುತ್ತಜ್ಜಿಗೆ ನಿಂಬೆವ್ವನ ನಮಸ್ಕಾರ. ಬೈಗುಳ ಆಮೇಲೆ ಬರುತ್ತದೆ.

ತಿಂಗಳಿಗೆ ಮೂವತ್ತೊಂಬತ್ತು ದಿನ ಎಲ್ಲಿಂದ ಬಂದವು ಎಂದು ಬೆರಳು ಮಡಚಿ ಎಣಿಸಬೇಡ. ನಮ್ಮಲ್ಲಿ ಚಳಿ ಮುಗಿಯುವವರೆಗೆ ಪುಷ್ಯವೂ ಮುಗಿಯುವುದಿಲ್ಲ. ನಿನ್ನ ಮೊಮ್ಮಕ್ಕಳ ಕಾಲದಲ್ಲಿ ಬಿಸಿಲು ತಾಳಲಾರದೆ ದೊಡ್ಡವರೆಲ್ಲ ಕೂಡಿ ಆಕಾಶಕ್ಕೆ ಧೂಳಿನ ಪರದೆ ಎಳೆದರು. ಅದಕ್ಕೆ ನಾವು ಮುಸುಕು ಎನ್ನುತ್ತೇವೆ. ಎಳೆಯಲು ಬಂದವರಿಗೆ ಸರಿಸಲು ಬರಲಿಲ್ಲ. ಈಗ ನಮಗೆ ಐದು ತಿಂಗಳು ಚಳಿ. ನಸುಕಿನಲ್ಲಿ ಎಮ್ಮೆಯ ಮೂಗಿನಿಂದ ಹೊರಟ ಉಸಿರು ಅದರ ಮೀಸೆಯ ಮೇಲೇ ಬೆಳ್ಳಗೆ ಕೂರುತ್ತದೆ. ನನ್ನ ಮಾತು ಎಲ್ಲಾದರೂ ತಿಳಿಯದಿದ್ದರೆ ಕ್ಷಮಿಸು. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅಕ್ಷರ ಕೋಳಿ ಕೆದರಿದ ಹಾಗೆ. ಇನ್ನು, ಮುತ್ತಜ್ಜಿಯನ್ನು ನೀನು ಎಂದು ಕರೆಯುವುದು ಹೇಗೆ ಎನ್ನುತ್ತೀಯೇನೋ. ಈ ಕಾಗದ ಮುಟ್ಟುವ ಹೊತ್ತಿಗೆ ನಿನಗೆ ಮೂವತ್ತು ವರ್ಷ. ನನಗೆ ಎಪ್ಪತ್ತೆಂಟು. ಹಾಗಾಗಿ ಕರೆಯುತ್ತೇನೆ.

ನಿನ್ನನ್ನು ನಾನು ಕಂಡವಳಲ್ಲ, ನಿನ್ನ ಕೈ ಕಂಡಿದ್ದೇನೆ. ಹೆಣ್ಣುಮಕ್ಕಳ ಜೊತೆ ಮನೆಯಿಂದ ಮನೆಗೆ ಬಂದ, ಹಳೆ ಬಟ್ಟೆ ಕೂಡಿಸಿ ಹೊಲಿದ ಐದು ಪದರದ ಹೊದಿಕೆ, ಕೌದಿ, ನನ್ನ ಹತ್ತಿರ ಇದೆ. ಅದರ ಅಡಿಪದರ ಒಂದು ಹಳೆಯ ಹತ್ತಿ ನೂಲಿನ ಸೀರೆ. ಸೆರಗು ಹರಿದದ್ದನ್ನು ಕೆಂಪು ದಾರದಿಂದ ಕೂಡಿಸಿದ್ದೀಯ. ಹೊಲಿಗೆ ಸೊಟ್ಟಗಿದೆ, ಸಿಟ್ಟಿನಲ್ಲಿ ಹೊಲಿದವಳ ಹೊಲಿಗೆ. ಆ ಸಿಟ್ಟಿನ ಕಥೆ ನಮ್ಮವ್ವ ನನಗೆ ಹೇಳಿದ್ದಾಳೆ, ಅವಳಿಗೆ ಅವಳವ್ವ. ನಿನಗೆ ಮೂವತ್ತಾದ ವರ್ಷ ನಿನ್ನ ಅತ್ತೆ ತೀರಿಕೊಂಡಾಗ ಒಂಬತ್ತು ನೂಲಿನ ಸೀರೆ ಬಿಟ್ಟುಹೋಗಿದ್ದಳು. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಗೆ ಬಂದಳು. ಎಂಟು ಸೀರೆ ಕೊಟ್ಟು ಒಂದು ನೀಲಿ ಬಕೀಟು ತೆಗೆದುಕೊಂಡೆ. ಒಂಬತ್ತನೆಯದನ್ನೂ ನೀಡಿದೆ, ಸೆರಗು ಹರಿದಿದೆ ಎಂದು ಅವಳೇ ನಿನ್ನ ಮುಂದೆ ಎಸೆದು ಹೋದಳು. ಅದೇ ನಮಗೆ ಉಳಿದ ಸೀರೆ. ಬಕೀಟೂ ಉಳಿದಿದೆ, ಚಿಂತೆ ಮಾಡಬೇಡ. ಎರಡೇ ಬೇಸಿಗೆಗೆ ತಳ ಒಡೆಯಿತಂತೆ. ಆದರೂ ಸಾಯಲಿಲ್ಲ. ಕೌದಿಯ ಹಿಂದೆ ಹಿಂದೆ ಅದೂ ನಮ್ಮ ಹಿತ್ತಲಿಗೆ ಬಂದು ಬಿದ್ದಿದೆ, ನೀಲಿ ಬಣ್ಣ ಕೂಡ ಮಾಸಿಲ್ಲ.

ಒಂದು ಹಳೆ ಸೀರೆಗೆ ಇಷ್ಟು ಪುರಾಣವೇ ಎನ್ನಬೇಡ. ಮುಸುಕಿನ ಕೆಳಗೆ ಹತ್ತಿಯ ಕಾಯಿ ಬಿರಿಯುವುದಿಲ್ಲ. ನಾವು ಉಡುವುದು ಮರುನೂಲು, ಅಂದರೆ ನೀವು ಎಸೆದ ಪ್ಲಾಸ್ಟಿಕ್ಕನ್ನು ಕರಗಿಸಿ ಎಳೆದ ನೂಲು. ಅದು ಹರಿಯುವುದಿಲ್ಲ, ಬೆವರು ಕುಡಿಯುವುದಿಲ್ಲ, ಮೈಗೆ ಒಗ್ಗುವುದಿಲ್ಲ. ನಾಲ್ಕು ಪದರ ಹೊದ್ದರೂ ಒಳಗೆ ತಣ್ಣನೆಯ ಮೀನು ಮಲಗಿದ ಹಾಗಿರುತ್ತದೆ.

ಹಾಗೆಂದು ನಾವು ಮೂಲೆ ಹಿಡಿದು ನಡುಗುತ್ತಾ ಕುಳಿತಿದ್ದೇವೆ ಎಂದೂ ತಿಳಿಯಬೇಡ. ನಮ್ಮ ಓಣಿಯಲ್ಲಿ ಹನ್ನೊಂದು ಮನೆ, ದಿನಕ್ಕೆ ಒಂದೇ ಒಲೆ. ಇದಕ್ಕೆ ಒಲೆಪಾಳಿ ಎನ್ನುತ್ತೇವೆ. ಯಾರ ಪಾಳಿಯೋ ಅವರ ಮನೆಯಲ್ಲಿ ಎಲ್ಲರ ರೊಟ್ಟಿ, ಎಲ್ಲರ ಮೈಕಾವು. ಒಬ್ಬೊಬ್ಬರು ಎರಡೆರಡು ಸಗಣಿ ಕುಳ್ಳು ತಂದರೆ ಸಾಕು. ಹನ್ನೊಂದು ಒಲೆ ಬೇರೆ ಬೇರೆ ಉರಿದರೆ ತೊಗರಿ ಕಟ್ಟಿಗೆಯ ಬಣವೆ ಸಂಕ್ರಾಂತಿಗೆ ಮೊದಲೇ ಖಾಲಿ. ರೊಟ್ಟಿ ಬೇಯುವಾಗ ಪಕ್ಕದ ಕೋಡೊಲೆಯ ಮೇಲೆ ನೀರು ಕಾಯುತ್ತದೆ, ಒಲೆಯ ಬಾಯಲ್ಲಿ ಸುಟ್ಟ ಮಣ್ಣಿನ ಇಟ್ಟಂಗಿ ಕಾಯುತ್ತದೆ. ಇಟ್ಟಂಗಿಯನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಬುಡದಲ್ಲಿಟ್ಟುಕೊಂಡು ಮಲಗುತ್ತೇವೆ. ಸ್ನಾನ ನಸುಕಿನಲ್ಲಿ ಅಲ್ಲ, ಮಧ್ಯಾಹ್ನ. ಕೌದಿಗಳನ್ನು ಮಾಳಿಗೆಯ ಮೇಲೆ ಹರವಿ, ಬಿಸಿಲು ಇಳಿಯುವ ಮೊದಲೇ ಮಡಚಿಬಿಡುತ್ತೇವೆ. ಬಿಸಿಲು ಒಳಗೇ ಸಿಕ್ಕಿಬೀಳುತ್ತದೆ. ಉಣ್ಣುವುದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಗಸಿ ಚಟ್ನಿ. ಬಾಣಂತಿ ಮಲಗುವ ಹೊರಸಿನ ಕೆಳಗೆ ಹೊಗೆಯಾರಿದ ಕೆಂಡ, ಮೇಲೆ ಬೆಳಕಿಂಡಿ ತೆರೆದೇ ಇರಬೇಕು. ಬೆಚ್ಚಗಾಗಲೆಂದು ಅದನ್ನು ಮುಚ್ಚಿದ ಮೂರ್ಖರು ಬೆಳಗ್ಗೆ ಏಳುವುದಿಲ್ಲ.

ಇದು ಶಾಖ ಮಂಡಳಿಗೆ ಸಾಲದು. ಊರೂರಿಗೆ ಬಿಸಿಕೊಳವೆ ಹಾಯಿಸಿ ಕಾವು ಮಾರುವ ಕಚೇರಿ ಅದು. ಕೊಳವೆ ಹಾಕಿಸಿಕೊಂಡ ಮನೆ ಸುಗ್ಗಿಯಲ್ಲಿ ಅರ್ಧ ಜೋಳ ಅವರಿಗೆ ಕೊಡಬೇಕು. ಹಾಕಿಸಿಕೊಳ್ಳದ ಮನೆಯಲ್ಲಿ ಕೂಸು ಹುಟ್ಟಿದರೆ, ಮನೆ ತಣ್ಣಗಿದ್ದರೆ, ಆ ಕೂಸನ್ನು ಚಳಿ ಮುಗಿಯುವವರೆಗೆ ತಾಲ್ಲೂಕಿನ ಬೆಚ್ಚನೆ ಮನೆಗೆ ಒಯ್ಯುತ್ತಾರೆ. ಚಳಿಗೆ ಕೂಸುಗಳು ಸತ್ತದ್ದು ಸುಳ್ಳಲ್ಲ, ಅದಕ್ಕೇ ಈ ನೇಮ ಬಂತು. ಆದರೆ ಅಲ್ಲಿ ತಾಯಿ ವಾರಕ್ಕೊಮ್ಮೆ ಗಾಜಿನ ಆಚೆ ನಿಂತು ನೋಡಬೇಕು. ನೆರೆಮನೆಯ ಹುಸೇನಬಿಯ ಮೊಮ್ಮಗ ಹಾಗೆ ಹೋಗಿ ಬಂದ. ತಾಯಿ ಎತ್ತಿಕೊಂಡರೆ ಅತ್ತ, ಕಿಟಕಿಯ ಗಾಜು ನೋಡಿ ನಕ್ಕ.

ನನ್ನ ಮೊಮ್ಮಗಳು ಸುಗಲಾ ಇಪ್ಪತ್ತು ದಿನದ ಹಿಂದೆ ಹಡೆದಳು. ಹೆಣ್ಣು ಕೂಸು. ಆರನೆಯ ನಸುಕಿಗೆ ಮಂಡಳಿಯ ಪ್ರಭುಲಿಂಗ ಶಾಖಗಣ್ಣು ಹಿಡಿದು ಬಂದ. ಅಂಗೈಯಗಲದ ಗಾಜು, ಒತ್ತಿದಲ್ಲಿಯ ಕಾವನ್ನು ಅಂಕಿಯಲ್ಲಿ ಹೇಳುತ್ತದೆ. ಗೋಡೆಗೆ ಒತ್ತಿದ.

“ಗ್ವಾಡಿ ಹನ್ನೊಂದು ತೋರಸಾಕತ್ತೈತ್ರಿ ಆಯಿ. ಹದಿನೆಂಟು ಬೇಕ್ರಿ.”

“ಗ್ವಾಡಿ ಏನು ಹಾಲು ಕುಡಿತೈತೇನೋ ತಮ್ಮಾ? ಕೂಸಿನ್ನ ಮುಟ್ಟಿ ನೋಡು, ಬೆಚ್ಚಗ ಐತಿ.”

“ಕೂಸಿನ್ನ ಅಳಿಯೂ ನೇಮ ಇಲ್ರಿ. ಕೂಸು ಮಲಗೂ ಜಾಗಾದ ನಾಕೂ ಗ್ವಾಡಿ ಅಂತ ಬರದಾರ್ರಿ. ಕೊಳವಿ ಹಾಕಿಸ್ಕೋರಿ, ಇಲ್ಲಾ ಮೂರು ದಿನಾ ಬಿಟ್ಟು ಗಾಡಿ ತರ್ತೀನ್ರಿ.”

ಕೆಟ್ಟವನಲ್ಲ ಅವನು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಸುಗಲಾ ಕೂಸಿನ ತಲೆಯ ಕುಂಚಿಗೆಯ ಲಾಡಿ ಕಟ್ಟುತ್ತಾ, ಬಿಚ್ಚುತ್ತಾ, ಮತ್ತೆ ಕಟ್ಟುತ್ತಾ ಕುಳಿತಿದ್ದಳು. ಅವಳು ಅತ್ತಿದ್ದರೆ ಗದರಿಸಿ ಸುಮ್ಮನಾಗಿಸುತ್ತಿದ್ದೆ. ಅಳಲಿಲ್ಲ. ನನಗೆ ಅದನ್ನೇ ತಡೆಯಲಾಗಲಿಲ್ಲ.

ಮೂರು ದಿನ ನಾನು ಆ ನೇಮವನ್ನೇ ಅಗಿದೆ. ಮನೆಯ ಗೋಡೆ ಎಂದು ಬರೆದಿಲ್ಲ, ಮಲಗುವ ಜಾಗದ ಗೋಡೆ ಎಂದು ಬರೆದಿದ್ದಾರೆ. ಓದಿದವರು ಮಾಡುವ ತಪ್ಪು ಇದು, ಬರೆದದ್ದನ್ನು ಮತ್ತೆ ಓದುವುದಿಲ್ಲ. ನಾಲ್ಕನೆಯ ದಿನ ಕತ್ತಲು ಹರಿಯುವ ಮೊದಲೇ ಓಣಿಯಲ್ಲಿ ಬಿಡುವಾಗಿದ್ದ ಹತ್ತಿ ನೂಲಿನ ಕೌದಿಗಳನ್ನೆಲ್ಲ ತರಿಸಿದೆ. ಹೊರಸಿನ ನಾಲ್ಕು ಮೂಲೆಗೆ ಗಳ ಕಟ್ಟಿ, ಮೇಲೆ ನಮ್ಮ ಕೌದಿ ಹಾಸಿ, ಸುತ್ತ ಉಳಿದವನ್ನು ಇಳಿಬಿಟ್ಟೆವು. ಮನೆಯೊಳಗೆ ಒಂದು ಬಟ್ಟೆಯ ಮನೆ. ಒಳಗೆ ಸುಗಲಾ, ಕೂಸು, ಬಿಸಿ ಇಟ್ಟಂಗಿ. ಮೂರು ಬದಿ ಮುಚ್ಚಿತು. ನಾಲ್ಕನೆಯದಕ್ಕೆ ಕೌದಿ ಇರಲಿಲ್ಲ, ಮರುನೂಲು ಕಾವು ಹಿಡಿಯುವುದಿಲ್ಲ. ಉಳಿದ ಮನೆಗಳಲ್ಲಿಯೂ ಮಕ್ಕಳಿದ್ದಾರೆ, ಅವರ ಮೈಮೇಲಿನದನ್ನು ಎಳೆದು ತರಲಾದೀತೇ?

“ಈ ಬಾಜೂ ಖುಲ್ಲಾ ಉಳೀತಲ್ಲ ನಿಂಬೆವ್ವಕ್ಕಾ, ಏನ ಮಾಡೂಣು?” ಎಂದಳು ಹುಸೇನಬಿ.

“ಹಿತ್ತಲದಾಗ ನಮ್ಮ ಮುತ್ತಜ್ಜಿ ಬಕೀಟೈತಿ, ತಂದು ಇಡು!” ಎಂದೆ. ಬೈಗುಳ ಆಮೇಲೆ ಎಂದೆನಲ್ಲ, ಅದು ಇದೇ. ಹೊರಗೆ ಗಾಡಿಯ ಸದ್ದು ಕೇಳಿತು. ಯೋಚಿಸಲು ಹೊತ್ತಿರಲಿಲ್ಲ. ಖಾಲಿ ಬದಿಯಲ್ಲಿ ಬೆನ್ನು ಹೊರಗೆ ಮಾಡಿ ಕುಳಿತುಬಿಟ್ಟೆ. ಹುಸೇನಬಿ ನನ್ನ ಭುಜಕ್ಕೆ ಭುಜ ಹಚ್ಚಿ ಕುಳಿತಳು. ಇನ್ನೂ ಮೂವರು ಕುಳಿತರು. ಸಂದಿಲ್ಲ.

ಪ್ರಭುಲಿಂಗ ಬಟ್ಟೆಯ ಗೋಡೆಗಳ ಒಳಮೈ ಅಳೆದ. ಹತ್ತೊಂಬತ್ತು, ಇಪ್ಪತ್ತು, ಹತ್ತೊಂಬತ್ತು. ನಮ್ಮ ಹಿಂದೆ ಬಂದು ನಿಂತ.

“ಇದು ಗ್ವಾಡಿ ಅಲ್ರಿ ಆಯಿ.”

“ಗ್ವಾಡಿ ಅಂದ್ರ ಏನೋ? ಗಾಳಿ ತಡಿಯೂದು. ತಡದೀವೋ ಇಲ್ಲೋ, ಹಚ್ಚಿ ನೋಡು ನಿನ್ನ ಗಾಜು.”

ಹಚ್ಚಿದ. ಬೆನ್ನಿಗೆ ಮಂಜಿನ ತುಂಡು ಇಟ್ಟ ಹಾಗಾಯಿತು. ಅಲುಗಲಿಲ್ಲ. ಮೂವತ್ತೊಂದು ಎಂದಿತು ಗಾಜು.

“ಅಕಿ ಬಾಯಿ ಒಂದು ಅಳಿಬ್ಯಾಡ್ರಿ ಸಾಹೇಬ್ರ, ಗಾಜು ಒಡದೀತು!” ಎಂದಳು ಹುಸೇನಬಿ. ಐದು ಬೆನ್ನೂ ನಗೆಗೆ ಕುಲುಕಿದವು. ಗೋಡೆ ನಗುವುದನ್ನು ಅವನು ಮೊದಲ ಸಲ ನೋಡಿರಬೇಕು. ಅವನ ಪಟ್ಟಿಯಲ್ಲಿ ಗೋಡೆ ಯಾವುದರದು ಎಂದು ಬರೆಯುವ ಜಾಗವಿದೆ. ಮಣ್ಣು, ಕಲ್ಲು, ಸಿಮೆಂಟು, ಇತರೆ. ಒಂದೊಂದರ ಮೇಲೂ ಬೆರಳಿಟ್ಟು ನೋಡಿ, ಕೊನೆಗೆ ‘ಇತರೆ’ ಎಂದು ಗುರುತು ಹಾಕಿದ. ಗಾಡಿ ಖಾಲಿ ಹೋಯಿತು.

ಗೆದ್ದೆವು ಎಂದು ಕುಣಿಯಬೇಡ. ಚಳಿ ಮುಗಿಯುವವರೆಗೆ ಒಂಬತ್ತು ದಿನಕ್ಕೊಮ್ಮೆ ಅವನು ಬರುತ್ತಾನೆ. ನಿನ್ನೆ ಬಂದ, ಕುಳಿತೆವು. ಮತ್ತೆ ಬರಲಿ, ಮತ್ತೆ ಕೂರುತ್ತೇವೆ. ಆದರೆ ನನ್ನ ಪಾಲಿನ ಗೋಡೆಗೆ ಎಪ್ಪತ್ತೆಂಟು ವರ್ಷ, ಒಳಗೆ ಕೆಮ್ಮು ಸೇರಿದೆ. ನಾನು ಬಿದ್ದರೆ ಆ ಸಂದಿನಿಂದ ಬರುವ ಗಾಳಿ ನೆಟ್ಟಗೆ ಕೂಸಿನ ನೆತ್ತಿಗೆ. ನಿನ್ನೆ ಬೆನ್ನು ಕೊಟ್ಟು ಕುಳಿತಾಗ ಲೆಕ್ಕ ಹಾಕಿದೆ ಮುತ್ತಜ್ಜಿ. ನೀನು ಬಕೀಟಿಗೆ ಕೊಟ್ಟ ಎಂಟು ಸೀರೆ ಎಂದರೆ ಸರಿಯಾಗಿ ಒಂದು ಬದಿ.

ಹಿಂದಿನ ಕಾಲಕ್ಕೆ ಕಾಗದ ಹೋಗುವುದಿಲ್ಲ ಎನ್ನುತ್ತಾಳೆ ಸುಗಲಾ. ನನಗೆ ತಿಳಿಯದು. ಕೌದಿಯ ಕೊನೆಯ ಹೊಲಿಗೆ ಹಾಕುವ ಮೊದಲು ಅದರ ಹೊಟ್ಟೆಗೆ ಒಂದು ಚೂರು ರೊಟ್ಟಿ ಇಡುವುದು ನಮ್ಮ ಮನೆಯ ಪದ್ಧತಿ, ಹೊದ್ದವರು ಹಸಿಯಬಾರದೆಂದು. ಹೊಸ ಪದರ ಕೂಡಿಸಲು ನಿನ್ನ ಪದರ ಬಿಚ್ಚಿದ್ದೇನೆ. ರೊಟ್ಟಿಯ ಜೊತೆ ಇದನ್ನೂ ಅಲ್ಲಿಯೇ ಇಟ್ಟು ಹೊಲಿಯುತ್ತೇನೆ, ಕೆಂಪು ದಾರಕ್ಕೆ ಮುಟ್ಟಿಸಿ. ನಿನ್ನ ಕೈ ಮುಟ್ಟಿದ ಬಟ್ಟೆ ಅದು, ನಿನ್ನ ದಾರಿ ಅದಕ್ಕೆ ಗೊತ್ತಿರಬೇಕು. ನಿನಗೆ ಮುಟ್ಟದೆ ಬೇರೆ ಯಾವಳ ಕೈಗೋ ಸಿಕ್ಕರೆ ಅವಳಿಗೂ ಇದೇ ಮಾತು. ನಿನ್ನ ಟ್ರಂಕಿನ ತಳದಲ್ಲಿಯೂ ಅತ್ತೆಯ ಸೀರೆ ಇದ್ದೇ ಇರುತ್ತದೆ ತಂಗಿ.

ಪಾತ್ರೆಯವಳು ಈಗ ನಿನ್ನ ಓಣಿಯ ತುದಿಯಲ್ಲಿ ಕೂಗುತ್ತಿದ್ದಾಳೆ. ಅವಳನ್ನು ಬಯ್ಯಬೇಡ, ಅವಳದೂ ಹೊಟ್ಟೆಪಾಡು. ಕಟ್ಟೆಯ ಮೇಲೆ ಕೂರಿಸು, ಚಹಾ ಕೊಡು, ಬಕೀಟು ಬೇಕಾದರೆ ಕಾಸು ಕೊಟ್ಟು ಕೊಳ್ಳು. ಒಳಗೆ ಹೋಗಿ ಟ್ರಂಕು ಮಾತ್ರ ತೆರೆಯಬೇಡ. ಅದರಲ್ಲಿರುವುದು ನಿನ್ನ ಹಳೆ ಬಟ್ಟೆಯಲ್ಲ. ನನ್ನ ಮನೆಯ ಒಂದು ಗೋಡೆ. ಕೆಡವಬೇಡ.

ನಿಂಬೆವ್ವ