ಎರಡನೇ ಬೇಸ್

ಹಲಸೂರು
ಶುಕ್ರವಾರ, ೧೪ ಫೆಬ್ರವರಿ ೨೦೨೫

ಚಿನ್ನೂ,

ನನ್ನ ಫೋನ್ ಎತ್ತುವುದಿಲ್ಲ ಎಂದು ಕೂತಿದ್ದೀಯ. ಹಟದಲ್ಲಿ ನನ್ನ ಮಗಳೇ. ಅದಕ್ಕೇ ಈ ಕಾಗದ. ದೊಮ್ಮಲೂರಿನಲ್ಲಿ ಹಂಸ ಚಿಕ್ಕಮ್ಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಂತೆ, ಸಂತೋಷ. ಇದನ್ನು ಹರಿದು ಹಾಕುವುದಿದ್ದರೂ ಓದಿ ಹರಿ.

ಆವತ್ತಿನ ಪಂದ್ಯಕ್ಕೆ ನಾನು ಅಂಪೈರ್ ಆಗಿ ನಿಲ್ಲಲೇಬಾರದಿತ್ತು. ಬರಬೇಕಾದವರು ಬರಲಿಲ್ಲ, ಸಾಫ್ಟ್‌ಬಾಲ್ ನಿಯಮ ಬಲ್ಲವಳು ಮೈದಾನದಲ್ಲಿ ನಾನೊಬ್ಬಳೇ ಇದ್ದೆ. ಶುರುವಾಗುವ ಮೊದಲೇ ಎದುರು ತಂಡದ ಕೋಚ್ ಮಾನಪ್ಪ ಎಲ್ಲರೆದುರು, "ಅಮ್ಮ ಅಂಪೈರು, ಮಗಳು ಪ್ಲೇಯರು. ನಾವ್ಯಾಕ್ರೀ ಆಡ್ಬೇಕು, ಕಪ್ ಮನೆಗೇ ತಗೊಂಡ್ಹೋಗಿ" ಎಂದು ನಕ್ಕ. ನನ್ನ ಮೈ ಉರಿದುಹೋಯಿತು. ಹದಿನೆಂಟು ವರ್ಷ ಪಿ.ಟಿ. ಟೀಚರ್ ಆಗಿ ಗಳಿಸಿದ ಹೆಸರು ಕಣೇ. ಮಗಳಿಗೆ ಅರ್ಧ ಅಡಿಯೂ ಬಿಡುವುದಿಲ್ಲ ಎಂದು ಆಗಲೇ ನಿಶ್ಚಯಿಸಿಬಿಟ್ಟೆ.

ಕೊನೆಯ ಇನ್ನಿಂಗ್ಸ್. ಸ್ಕೋರ್ ಸಮ. ಒಂದು ರನ್ ಬಂದರೆ ನಿಮ್ಮ ತಂಡ ರಾಜ್ಯ ಪಂದ್ಯಾವಳಿಗೆ. ನೀನು ಹೊಡೆದು ಓಡಿದೆ. ಫೀಲ್ಡರ್ ಮೂರನೇ ಬೇಸಿಗೆ ಎಸೆದ ಚೆಂಡು ಎಲ್ಲರ ತಲೆ ಮೇಲೆ ಹಾರಿ, ಗೆರೆ ದಾಟಿ, ಸ್ಕೂಟರ್‌ಗಳ ನಡುವೆ ಬಿತ್ತು. ಹಾಗೆ ಹೊರಗೆ ಹೋದರೆ ಓಡುವವಳಿಗೆ ಎರಡು ಬೇಸ್ ಕೊಡಬೇಕು. ಚೆಂಡು ಎಸೆದವಳ ಕೈ ಬಿಟ್ಟಾಗ ಓಡುವವಳು ಕೊನೆಯದಾಗಿ ಯಾವ ಬೇಸ್ ತುಳಿದಿದ್ದಳೋ ಅಲ್ಲಿಂದ ಎಣಿಕೆ. ಎರಡನೆಯದನ್ನು ತುಳಿದಿದ್ದರೆ ನೀನು ಸೀದಾ ನಾಲ್ಕನೆಯದಾದ ಹೋಮ್, ರನ್ ಸಿಕ್ಕಿ ಪಂದ್ಯ ನಿಮ್ಮದು. ನೀನು ತುಳಿದದ್ದು ಮೊದಲನೆಯದು ಮಾತ್ರ ಎಂದು ನಾನು ನಿನ್ನನ್ನು ಮೂರನೆಯದರಲ್ಲೇ ನಿಲ್ಲಿಸಿದೆ.

ನಿಮ್ಮ ಕ್ಯಾಪ್ಟನ್ ಇಕ್ರಾ ಓಡಿಬಂದು ಪ್ರೊಟೆಸ್ಟ್ ಮಾಡುತ್ತೇನೆ ಎಂದಳು. ನಿಯಮ ತಪ್ಪಿದರೆ ಪ್ರೊಟೆಸ್ಟ್ ಉಂಟು, ಅಂಪೈರ್ ಕಣ್ಣಿಗೆ ಕಂಡದ್ದರ ಮೇಲೆ ಇಲ್ಲ. ಅದು ಗೊತ್ತಿದ್ದೇ, ಚಿನ್ಮಯಿ ಬೇಸ್ ತುಳಿದಿರಲಿಲ್ಲ, ನಾನು ನೋಡಿದ್ದೇನೆ ಎಂದೆ. ಇಕ್ರಾ ನಿನ್ನ ಕಡೆ ತಿರುಗಿ, "ತುಳಿದ್ಯಾ ಇಲ್ವಾ, ನೀನೇ ಹೇಳೇ" ಎಂದಳು. ನೀನು ನನ್ನ ಮುಖ ನೋಡಿದೆ. ಆಮೇಲೆ ಇಲ್ಲ ಎಂದೆ.

ನೀನು ತುಳಿದಿದ್ದೆ. ಚೆಂಡು ಇನ್ನೂ ಫೀಲ್ಡರ್ ಕೈಯಲ್ಲಿರುವಾಗಲೇ ನಿನ್ನ ಎಡಗಾಲು ಬೇಸಿನ ಮೇಲಿತ್ತು, ಕಣ್ಣಾರೆ ಕಂಡೆ. ನೀನು ಇಲ್ಲ ಎಂದಾಗ ನನಗೆ ನಾಚಿಕೆಯೂ ಆಗಲಿಲ್ಲ, ಸದ್ಯ ಬಚಾವಾದೆ ಅನ್ನಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಾರಲ್ಲ, ಆ ಬೇಲಿ ನಾನೇ.

ನೀವು ಸೋತಿರಿ. ವಯಸ್ಸಿನ ಮಿತಿಯಿಂದ ಇಕ್ರಾಗೆ ಅದೇ ಕೊನೆಯ ವರ್ಷ. ನಿನ್ನ ಸೋಮಾರಿ ಕಾಲಿನಿಂದಲೇ ಸೋತೆವು ಎಂದು ಹುಡುಗಿಯರು ನಿನ್ನನ್ನು ಗ್ರೂಪಿನಿಂದ ತೆಗೆದರು, ಪ್ರಾಕ್ಟೀಸಿನಲ್ಲಿ ಚೆಂಡು ಕೂಡ ಎಸೆಯಲಿಲ್ಲ. ನೀನು ಬಾಯಿ ಬಿಡಲಿಲ್ಲ. ಗ್ಲವ್ ಯಾರಿಗೋ ಕೊಟ್ಟು ಮನೆ ಬಿಟ್ಟು ಹೋದೆ. ನಾನು ಮಾತ್ರ ಸ್ಟಾಫ್ ರೂಮಿನಲ್ಲಿ, ಮಗಳೆಂದೂ ನೋಡದ ಅಂಪೈರ್ ಎಂದು ಹೊಗಳಿಸಿಕೊಂಡೆ. ಮಾನಪ್ಪ ಕೂಡ ಕೈ ಮುಗಿದ.

ಕ್ಷಮಿಸು ಅನ್ನಲು ನನಗೆ ಮುಖವಿಲ್ಲ. ನಾಳೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಇಕ್ರಾ ಅವರ ಲೇಸ್ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳುತ್ತೇನೆ. ಹೇಳಿದ ಮೇಲೆಯೇ ಈ ಕಾಗದ ಕಳಿಸುತ್ತೇನೆ.

ನಿನ್ನ ಅಮ್ಮ,
ಅಂಬುಜಾ

ತಾ.ಕ.: ಇವತ್ತು ಭಾನುವಾರ. ನಿನ್ನೆ ಹೋಗಿದ್ದೆ. ಇಕ್ರಾ ಕೌಂಟರಿನ ಹಿಂದೆ ಲೇಸ್ ಅಳೆಯುತ್ತಿದ್ದಳು. ಅವಳ ತಾಯಿ ಉಮ್ಮೆ ಕುಲ್ಸುಂ ಕುರ್ಚಿ ಹಾಕಿ ಚಹಾ ತರಿಸಿದರು. "ಟೀಚರ್, ಸ್ವಂತ ಮಗಳ ತಪ್ಪೂ ಮುಚ್ಚಲಿಲ್ಲ ನೀವು, ನಿಮ್ಮಂಥೋರು ಇರ್ಬೇಕು" ಎಂದರು. ಹೌದು, ಅವಳು ಮೊದಲಿಂದಲೂ ಸ್ವಲ್ಪ ನಿಧಾನ ಎಂದೆ. ಎರಡು ಮೀಟರ್ ಲೇಸ್ ಕೊಂಡು ಬಂದೆ. ನನ್ನ ಕೈಲಾಗಲಿಲ್ಲ, ಚಿನ್ನೂ. ಈ ಕಾಗದ ಇಕ್ರಾಗೆ ನೀನೇ ತೋರಿಸು.