ಮುಳ್ಳು ಹಾಕಿದ ದಿನ ಎಣಿಸಿದ ಊರು

ಮಾನ್ಯ ತಹಶೀಲ್ದಾರರೇ,

ಇಲ್ಲದ ಮುನ್ನೂರ ಹದಿಮೂರು ಜನರ ಪರವಾಗಿ ಇದನ್ನು ಬರೆಯುತ್ತಿದ್ದೇನೆ. ರಾಜಾನುಕುಂಟೆಯಿಂದ ಒಳಕ್ಕೆ ಮೂರು ಮೈಲಿ ದೂರದ ನಮ್ಮ ತಿಮ್ಮೋಜನಕುಂಟೆ ನಿಮ್ಮ ದಾಖಲೆಯಲ್ಲಿ ಬೇಚರಾಕ್ ಗ್ರಾಮ, ಅಂದರೆ ಜನವಸತಿ ಇಲ್ಲದ ಊರು. ಸೊನ್ನೆ ಜನಕ್ಕೆ ಸ್ಮಶಾನ ಬೇಕಿಲ್ಲವೆಂದು ತೀರ್ಮಾನಿಸಿ, ನಮ್ಮ ಒಂದೂವರೆ ಎಕರೆ ಸ್ಮಶಾನವನ್ನು ಕಸ ವಿಂಗಡಿಸುವ ಘಟಕಕ್ಕೆ ಕೊಟ್ಟಿದ್ದೀರಿ. ಮುಂದಿನ ತಿಂಗಳು ಬೇಲಿ ಹಾಕುತ್ತಾರಂತೆ. ಆಕ್ಷೇಪಣೆ ಇದ್ದರೆ ಗ್ರಾಮಸ್ಥರು ಹದಿನೈದು ದಿನದೊಳಗೆ ಸಲ್ಲಿಸಬೇಕೆಂಬ ನೋಟಿಸನ್ನು ನಮ್ಮ ಅರಳಿಕಟ್ಟೆಗೆ ಅಂಟಿಸಿ ಹೋಗಿದ್ದೀರಿ. ಯಾರು ಓದಲೆಂದು ಅಂಟಿಸಿದಿರಿ, ಸ್ವಾಮಿ?

ನಾವು ಸೊನ್ನೆಯಾದ ದಿನ ನನಗೆ ಚೆನ್ನಾಗಿ ನೆನಪಿದೆ. ಅದು ಹೊರಬೀಡಿನ ಮಂಗಳವಾರ. ಮೂರು ವರ್ಷಕ್ಕೊಮ್ಮೆ ಆ ದಿನ ಸೂರ್ಯ ಹುಟ್ಟುವ ಮೊದಲೇ ದನ, ಕೋಳಿ, ಬಾಣಂತಿ, ಮುದುಕರು ಎನ್ನದೆ ಇಡೀ ಊರು ಹೊರಟು, ದಾರಿಗೆ ಜಾಲಿಮುಳ್ಳು ಹಾಕಿ, ಹೊಂಗೆ ತೋಪಿನಲ್ಲಿ ಒಲೆ ಹೂಡುತ್ತಿತ್ತು. ಖಾಲಿ ಊರಿನಲ್ಲಿ ಮಾರಮ್ಮ ಒಬ್ಬಳೇ ಓಡಾಡಿ ರೋಗರುಜಿನ ಗುಡಿಸಿಕೊಂಡು ಹೋಗುತ್ತಾಳೆಂಬ ನಂಬಿಕೆ. ಹೊತ್ತು ಮುಳುಗುವವರೆಗೆ ಯಾರೂ ಊರ ಕಡೆ ಹೆಜ್ಜೆ ಇಡುವಂತಿಲ್ಲ. ಜನಗಣತಿಯವರು ಬಂದದ್ದು ಅವತ್ತೇ. ಬೈಕು ಮುಳ್ಳಿನ ಬಳಿ ನಿಂತದ್ದು, ಹೆಗಲಚೀಲದವರೊಬ್ಬರು ಬೀಗ ಹಾಕಿದ ಮನೆಗಳನ್ನು ದೂರದಿಂದಲೇ ನೋಡಿ ಏನೋ ಬರೆದುಕೊಂಡದ್ದು ತೋಪಿನಿಂದ ನನಗೆ ಕಾಣುತ್ತಿತ್ತು. ಕೂಗಲು ಎದ್ದೆ. "ಕುಂತ್ಕೊಳ್ಳೋ ಬಾಲಾ, ನಾಳೆ ಬತ್ತಾನೆ ಬುಡು," ಎಂದು ದೊಡ್ಡಮ್ಮ ಮುನಿಯಲ್ಲಮ್ಮ ನನ್ನ ಎಲೆಗೆ ಇನ್ನೊಂದು ಮುದ್ದೆ ಇಟ್ಟಳು. ಕುಳಿತೆ. ಹದಿನೈದು ವರ್ಷವಾದರೂ ಆ ನಾಳೆ ಬಂದಿಲ್ಲ.

ಯಲಹಂಕದ ಗ್ರಂಥಾಲಯವೊಂದರಲ್ಲಿ ನಾನು ಮೂವತ್ತೆರಡು ವರ್ಷ ಪುಸ್ತಕ ಎಣಿಸಿದವನು. ಕಪಾಟಿನಲ್ಲಿ ಕಾಣದ ಪುಸ್ತಕವನ್ನು ಯಾರೋ ಓದಲು ಒಯ್ದಿದ್ದಾರೆಂದು ಬರೆಯುತ್ತಿದ್ದೆವೇ ಹೊರತು, ಅಂಥ ಪುಸ್ತಕವೇ ಹುಟ್ಟಿಲ್ಲ ಎಂದು ಬರೆಯುತ್ತಿರಲಿಲ್ಲ. ಅಷ್ಟು ಮನೆಗಳಿಗೆ ಬೀಗ ಹಾಕಿದ್ದು ಯಾರು? ಮುಳ್ಳು ತಾನಾಗಿ ನಡೆದು ಬಂದು ದಾರಿಯಲ್ಲಿ ಮಲಗಿತ್ತೇ? ಚುನಾವಣೆ ಬಂದಾಗ ಮಾತ್ರ ನಾವು ಇರುತ್ತೇವೆ, ಪಕ್ಕದ ಊರಿನ ಪಟ್ಟಿಯಲ್ಲಿ.

ಪಂಚಾಯಿತಿಗೆ ಹೋದರೆ, "ನೀವು ಸಿಟಿಗೆ ಸೇರ್ತೀರಂತೆ, ಅಲ್ಲಿ ಕೇಳಿ" ಎನ್ನುತ್ತಾರೆ. ಸಿಟಿಯವರು, "ಜನ ಇಲ್ದಿರೋ ಊರನ್ನ ಹೆಂಗ್ ಸೇರಿಸ್ಕೊಳ್ಳೋದು ಸಾರ್" ಎನ್ನುತ್ತಾರೆ. ನಿಮ್ಮದೇ ಕಚೇರಿಯಲ್ಲಿ ಕಂಪ್ಯೂಟರಿನ ಮುಂದಿದ್ದ ಗುಮಾಸ್ತರು, "ಸಿಸ್ಟಮ್‌ನಲ್ಲಿ ಝೀರೋ ತೋರಿಸ್ತಿದೆ ಕಣ್ರೀ, ನಾನೇನ್ ಮಾಡ್ಲಿ?" ಎಂದರು.

"ನಿಮ್ಮ ಎದುರಿಗೇ ನಿಂತಿದ್ದೀನಲ್ಲಪ್ಪ."

"ನೀವ್ ನಿಂತಿರೋದು ಯಲಹಂಕದಲ್ಲಿ ಸಾರ್."



ಆ ವರ್ಷದಿಂದ ಹೊರಬೀಡು ನಿಂತಿದೆ. ಮತ್ತೆ ಯಾರಾದರೂ ಬಂದು ಊರು ಖಾಲಿ ಕಂಡುಬಿಟ್ಟರೆ ಎಂಬ ಹೆದರಿಕೆ. ನೆಂಟರ ಮದುವೆಗೂ ಮನೆಗೊಬ್ಬರು ಹಿಂದೆ ಉಳಿಯುತ್ತಾರೆ. ಇಲ್ಲವೆಂದು ಬರೆಸಿಕೊಂಡವರು, ಊರು ಬಿಟ್ಟು ಕದಲಲಾರದೆ ಕೂತಿದ್ದೇವೆ.

ದೊಡ್ಡಮ್ಮನಿಗೆ ಈಗ ಎಂಬತ್ತಾರು. ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಾಳೆ. ಗಂಡ ಆನಂದಪ್ಪನನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲೇ ತನಗೆಂದು ಆರಡಿ ಬಿಡಿಸಿಕೊಂಡು, ಗುರುತಿಗೆ ಕಣಗಿಲೆ ನೆಡಿಸಿದ್ದಾಳೆ. ನಿಮ್ಮ ನೋಟಿಸನ್ನು ಓದಿ ಹೇಳಿದಾಗ, "ಅಂಗಾದ್ರೆ ಬೇಲಿ ಆಕೋಕ್ ಮುಂಚೆ ನಾನ್ ಓಗ್ಬುಡ್ಬೇಕು. ಇನ್ನೆಷ್ಟ್ ದಿನ ಐತೆ, ನೋಡೇಳೋ ಬಾಲಾ," ಎಂದಳು. ಸಾಯಲು ಆತುರಪಡುವಂತೆ ಒಬ್ಬ ಮುದುಕಿಗೆ ಗಡುವು ಕೊಟ್ಟ ಸರ್ಕಾರಿ ಕಾಗದವನ್ನು ನಾನು ಇದೇ ಮೊದಲು ಕಂಡದ್ದು.

ಸ್ಮಶಾನದ ಆದೇಶ ಹಿಂಪಡೆಯಿರಿ. ಊರಿಗೆ ಬಂದು ನಮ್ಮನ್ನು ಎಣಿಸಿ. ಬರಲಾಗದಿದ್ದರೆ ಚಿಂತೆಯಿಲ್ಲ, ಬರುವ ಮಂಗಳವಾರ ನಾವು ಮತ್ತೆ ಹೊರಬೀಡು ಹೊರಡುತ್ತೇವೆ. ಈ ಸಲ ಒಲೆ ಹೂಡುವುದು ನಿಮ್ಮ ಕಚೇರಿಯ ಅಂಗಳದಲ್ಲಿ. ದನ, ಕೋಳಿ ಸಮೇತ ಬರುತ್ತೇವೆ, ದೊಡ್ಡಮ್ಮನನ್ನು ಮಂಚದ ಮೇಲೆ ಹೊತ್ತು ತರುತ್ತೇವೆ. ಹೊತ್ತು ಮುಳುಗುವವರೆಗೆ ನಾವು ಹಿಂತಿರುಗುವಂತಿಲ್ಲ, ಎಣಿಸಲು ನಿಮಗೆ ಬೇಕಾದಷ್ಟು ಸಮಯವಿದೆ. ದಯವಿಟ್ಟು ಅವಳಿಂದ ಶುರುಮಾಡಿ.

ಇಂತಿ,
ಅವತ್ತು ಕೂಗದೆ ಮುದ್ದೆ ಉಂಡ ತಪ್ಪಿತಸ್ಥ,
ಬಾಲರಾಜ್
ತಿಮ್ಮೋಜನಕುಂಟೆ (ಸದ್ಯ ಊರಲ್ಲೇ ಇದ್ದೇನೆ)